ಐಸುಗಡ್ಡೆಯ ಪ್ರಶ್ನೆ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಮಿತಿಯ ಮಿತ್ರರು ಕೇಳಿದರು. ಶಾಲೆಯ ಹಿರಿಮೆಯನ್ನು ಬರೆಯಬಲ್ಲವರು ಅನೇಕರಿದ್ದಾರೆ. ನಾನು ನನ್ನದೊಂದು ತಪ್ಪನ್ನೇ ಬರೆಯುತ್ತೇನೆ.

ಏಳನೆಯ ತರಗತಿಯಲ್ಲಿ ಉಷ್ಣದ ಪಾಠ ನಡೆದಿತ್ತು. ‘ಕಂಬಳಿಯು ಶಾಖವನ್ನು ಕೊಡುತ್ತದೆ’ ಎಂದೆ. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು, ‘ಹಾಗಾದರೆ ಜಾತ್ರೆಗೆ ತರುವ ಐಸುಗಡ್ಡೆಗೆ ಹೊಟ್ಟು ಹಾಕಿ ಗೋಣಿತಾಟು ಏಕೆ ಹೊದಿಸುತ್ತಾರೆ ಸಾರ್?’ ಎಂದ. ಉತ್ತರ ತೋಚದೆ, ‘ಅಧಿಕಪ್ರಸಂಗಿ, ಕೂತುಕೋ’ ಎಂದೆ. ಕಂಬಳಿ ಶಾಖವನ್ನು ಕೊಡುವುದಿಲ್ಲ, ಎಳೆಗಳ ನಡುವೆ ಸೆರೆಯಾದ ಗಾಳಿ ಶಾಖದ ಸಂಚಾರವನ್ನು ತಡೆಯುತ್ತದೆ ಎಂಬುದನ್ನು ಆ ರಾತ್ರಿ ಪುಸ್ತಕ ತೆರೆದು ತಿಳಿದುಕೊಂಡೆ. ಮರುದಿನ ತರಗತಿಯಲ್ಲಿ ಹೇಳಲು ಮಾತ್ರ ಅಭಿಮಾನ ಅಡ್ಡ ಬಂದಿತು.

ಆ ಹುಡುಗ ಈಗ ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ ಉಪಕರಣಗಳನ್ನು ದುರಸ್ತಿ ಮಾಡುತ್ತಾನೆ. ಕೆಲವು ವರ್ಷಗಳ ಹಿಂದೆ ಬೆಳುಗುಪ್ಪಕ್ಕೆ ಬಂದಾಗ ಅಂಗೈಯಗಲದ ತಗಡಿನ ಡಬ್ಬಿಯೊಂದನ್ನು ತಂದಿದ್ದ. ಎಸ್.ಪಿ. ರಸ್ತೆಯಲ್ಲಿ ಕೊಂಡ ಹಳೆಯ ಆವರ್ತನ ಮಾಪಕದೊಳಗಿನ ಕ್ರಿಸ್ಟಲ್ ಓವನ್ ಅದು. ಸೆಕೆಂಡಿಗೆ ಒಂದು ಕೋಟಿ ಸಲ ಕಂಪಿಸುವ ಕ್ವಾರ್ಟ್ಸ್ ಹರಳು ಅದರೊಳಗಿತ್ತು. ಬಿಸಿ ಏರಿಳಿದರೆ ಕಂಪನವೂ ತಪ್ಪುವುದರಿಂದ ಹರಳನ್ನು ಸದಾ 80 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಇಡುತ್ತಾರೆ. ಸುತ್ತಲಿನ ಗಾಳಿ ನಮ್ಮ ಬೇಸಿಗೆಯಲ್ಲಿ 42 ಡಿಗ್ರಿ ಮುಟ್ಟಿದರೂ ಒಳಗಿನದು ಅದಕ್ಕಿಂತ ಮೇಲಿರಲೇಬೇಕು. ಕಾಯಿಸುವ ಯಂತ್ರಕ್ಕೆ ತಣಿಸಲು ಬಾರದಷ್ಟೆ. ಹರಳಿನ ಸುತ್ತ ತುಂಬಿದ್ದ ಸ್ಪಂಜು ಹಳತಾಗಿ ಅಂಟುಪುಡಿಯಾಗಿತ್ತು.

‘ಏನು ತುಂಬಲಿ ಸಾರ್?’ ಎಂದ.

ಥರ್ಮೋಕೋಲ್ ಎಂದೆ. ಆ ಬಿಸಿಗೆ ಬಹುಕಾಲ ನಿಲ್ಲದೆ ಕುಗ್ಗುತ್ತದೆ ಎಂದ. ಹತ್ತಿ ತೇವ ಹಿಡಿಯುತ್ತದೆ. ನಮ್ಮ ಸೀಮೆಯಲ್ಲಿ ಬೇಕಾದಷ್ಟು ಸಿಗುವ ಕಡಲೆಕಾಯಿ ಸಿಪ್ಪೆಯೂ ಪುಡಿಯಾಗಿ ಉದುರುತ್ತದೆ. ಕೊನೆಗೆ ಸಂಕೋಚದಿಂದಲೇ ಕಂಬಳಿಯ ಹೆಸರೆತ್ತಿದೆ. ಆತ ನಗಲಿಲ್ಲ, ಶಾಖ ತಡೆಯುವುದರಲ್ಲಿ ಉಣ್ಣೆ ಗಾಜಿನ ಎಳೆಗೆ ಹೆಚ್ಚು ಕಡಿಮೆ ಸಮವೆಂದ. ಆದರೆ ಉಣ್ಣೆಯಲ್ಲಿ ಗಂಧಕದ ಅಂಶವಿದೆಯಂತೆ, ಕಾಯುತ್ತಲೇ ಇದ್ದರೆ ಬೆಳ್ಳಿಯ ಲೇಪವಿರುವ ಭಾಗಗಳು ಕಪ್ಪಾಗುತ್ತವಂತೆ. ಇದನ್ನು ನಾನು ಅವನಿಗೆ ಕಲಿಸಿದವನಲ್ಲ.

ಗೀಸರ್ ರಿಪೇರಿಯವರಿಂದ ಗ್ಲಾಸ್‌ವುಲ್ ತಂದು, ಬಾಯಿಗೆ ಬಟ್ಟೆ ಕಟ್ಟಿ, ಕೈಗವಸು ತೊಟ್ಟು ತುಂಬಿದ. ಒತ್ತಿ ತುಂಬಿದರೆ ಗಾಳಿಗೆ ಎಡೆ ಉಳಿಯದೆಂದು ಸಡಿಲವಾಗಿಯೇ ಬಿಟ್ಟ. ವಿದ್ಯುತ್ ಕೊಟ್ಟು ಮೀಟರಿನತ್ತ ನೋಡುತ್ತ ಕುಳಿತೆವು. ಮೊದಲು ಏರಿದ ಮುಳ್ಳು ಓವನ್ ಕಾದಂತೆ ಇಳಿದು, ಒಂದೆಡೆ ನಿಂತಿತು. ಫ್ಯಾನು ಹಾಕಿದರೂ ಅಲುಗಲಿಲ್ಲ.

‘ಐಸುಗಡ್ಡೆಯ ಪ್ರಶ್ನೆ ನೆನಪಿದೆಯೇನಪ್ಪಾ? ಅಂದು ನೀನು ಕೇಳಿದ್ದೇ ಸರಿ, ನನಗೆ ಗೊತ್ತಿರಲಿಲ್ಲ’ ಎಂದೆ.

‘ಪ್ರಶ್ನೆ ಮರೆತಿದ್ದೆ. ಕೂತುಕೋ ಅಂದಿದ್ದು ನೆನಪಿದೆ ಸಾರ್’ ಎಂದ.

ವಾರದ ಬಳಿಕ ಬೆಂಗಳೂರಿನಿಂದ ಫೋನು ಬಂದಿತು. ಉಪಗ್ರಹಗಳ ಕಾಲಸಂಕೇತದೊಡನೆ ಹೋಲಿಸಿ ನೋಡಿದನಂತೆ. ಹಗಲು ರಾತ್ರಿಯೆನ್ನದೆ ಅಂಕಿ ನಿಂತಿದೆಯಂತೆ.