ದೋರಸಮುದ್ರಕ್ಕೆ ತಡವಾಗಿ ಹೋದೆ

ಹರಿಹರ ಮಹಾಕವಿಯ ರಗಳೆಗಳನ್ನು ಮೂವತ್ತು ವರ್ಷಗಳ ಕಾಲ ವಿದ್ಯಾರ್ಥಿಗಳಿಗೆ ಪಾಠ ಹೇಳಿದವನು ನಾನು. ಆ ಕವಿಯು ದೋರಸಮುದ್ರದ ಹೊಯ್ಸಳರ ಅರಮನೆಯಲ್ಲಿ ಕರಣಿಕನಾಗಿದ್ದು, ಅದನ್ನು ತೊರೆದು ಹಂಪೆಯ ವಿರೂಪಾಕ್ಷನ ಸನ್ನಿಧಿಗೆ ನಡೆದನೆಂಬ ಪರಂಪರೆಯ ಮಾತನ್ನು ಪ್ರತಿವರ್ಷವೂ ವಿವರಿಸುತ್ತಿದ್ದೆ. ಆದರೆ ಆತನು ತೊರೆದ ಊರನ್ನು ನಾನು ಕಣ್ಣಾರೆ ಕಂಡಿರಲಿಲ್ಲ. ನಮ್ಮ ಮನೆಯವರು ಪ್ರತಿ ಬೇಸಿಗೆಯಲ್ಲಿಯೂ ಬೇಲೂರಿಗೆ ಹೋಗೋಣವೆನ್ನುತ್ತಿದ್ದರು. ಇಷ್ಟಲಿಂಗವನ್ನು ಧರಿಸಿದವರಿಗೆ ಸ್ಥಾವರದ ಹಂಬಲವೇಕೆಂದು ಮಠದಲ್ಲಿ ಕಲಿತ ಉತ್ತರವನ್ನು ಕೊಟ್ಟು ಅವರ ಬಾಯಿ ಮುಚ್ಚಿಸುತ್ತಿದ್ದೆ. ಅವರು ಲಿಂಗೈಕ್ಯರಾಗಿ ಎರಡು ವರ್ಷಗಳ ತರುವಾಯ, ಕಳೆದ ಮಾಘದಲ್ಲಿ, ಮಗಳು ಹಠ ಹಿಡಿದು ನನ್ನನ್ನು ಹೊರಡಿಸಿದಳು.

ಬೆಳಗಿನ ರೈಲಿಗೆ ಅರಸೀಕೆರೆಯಲ್ಲಿ ಇಳಿದೆವು. ಈ ಜಂಕ್ಷನ್ನಿನಲ್ಲಿ ಗಾಡಿ ಬದಲಿಸಲು ಹತ್ತಾರು ಸಲ ಕಾದು ಕುಳಿತವನು ನಾನು. ಊರೊಳಗೆ 1220ರ ಶಿವಾಲಯವೊಂದು, ಹದಿನಾರು ಮೂಲೆಗಳ ನಕ್ಷತ್ರಾಕಾರದ ತೆರೆದ ಮಂಟಪದೊಡನೆ ನಿಂತಿರುವುದನ್ನು ಕಂಡದ್ದು ಅಂದೇ. ಮಂಟಪದ ಕಲ್ಲು ಇನ್ನೂ ತಣ್ಣಗಿತ್ತು.

ಬಸ್ಸಿನಲ್ಲಿ ಹಳೇಬೀಡು ತಲುಪುವಾಗ ಬಿಸಿಲೇರಿತ್ತು. 1121ರ ಸುಮಾರಿಗೆ ಆರಂಭವಾದ ಹೊಯ್ಸಳೇಶ್ವರ ದೇವಾಲಯದ ಆನೆ, ಸಿಂಹ, ಕುದುರೆಗಳ ಸಾಲುಗಳನ್ನು ಬಲ್ಲವರು ಬೇಕಾದಷ್ಟು ಬಣ್ಣಿಸಿದ್ದಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಆವರಣದಲ್ಲಿರುವ ಗರುಡಗಂಬ. ಇಮ್ಮಡಿ ಬಲ್ಲಾಳನು 1220ರಲ್ಲಿ ತೀರಿಕೊಂಡಾಗ ದಂಡನಾಯಕ ಕುವರಲಕ್ಷ್ಮನು ತನ್ನ ಮಡದಿಯೊಡನೆ, ತನ್ನ ಗರುಡರೊಡನೆ ಪ್ರಾಣವನ್ನರ್ಪಿಸಿದ ಕಥೆ ಅದರ ಮೇಲಿದೆ. ಕತ್ತಿಯಿಂದ ತಮ್ಮ ತಲೆಯನ್ನು ತಾವೇ ಅರಿದುಕೊಳ್ಳುವ ವೀರರನ್ನು ಕೆತ್ತಿದ್ದಾರೆ. ಶಾಸನವು ನಡುವೆಯೇ ನಿಂತುಹೋಗುತ್ತದೆ. ಒಬ್ಬ ಸೇವಕ ದೊರೆಯನ್ನು ತೊರೆದು ಹೋದನು. ಇನ್ನೊಬ್ಬ ದೊರೆಯಿಲ್ಲದೆ ಉಳಿಯಲಾರದೆ ಹೋದನು. ತರಗತಿಯಲ್ಲಾಗಿದ್ದರೆ ಮೊದಲನೆಯವನನ್ನು ಹೊಗಳಿ ಮುಂದೆ ಸಾಗುತ್ತಿದ್ದೆ. ಆ ದಿನ ಮಾತ್ರ ಕುವರಲಕ್ಷ್ಮನ ಮಡದಿಯ ಯೋಚನೆ ಬಿಡದಾಯಿತು. ಆಕೆಯನ್ನು ಯಾರಾದರೂ ಕೇಳಿದ್ದರೇ? ಇನ್ನೊಬ್ಬರ ಮನೆಯ ಮಾತೇಕೆ, ನಮ್ಮ ಮನೆಯಲ್ಲಿ ನಾನು ಕೇಳಿದ್ದೆನೇ?

ಮೊಣಕಾಲು ಸೋತಿದ್ದರಿಂದ ಕೇದಾರೇಶ್ವರವನ್ನೂ ಜೈನ ಬಸದಿಗಳನ್ನೂ ಬಿಟ್ಟು, ಹದಿನಾರು ಕಿಲೋಮೀಟರ್ ದೂರದ ಬೇಲೂರಿಗೆ ಬಂದೆವು. ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿ ಇಳಿಬಿಸಿಲಿನಲ್ಲಿತ್ತು. ಗಣಿಯಿಂದ ತೆಗೆದಾಗ ಮೃದುವಾಗಿದ್ದು ಗಾಳಿಗೆ ಗಟ್ಟಿಯಾಗುವ ಬಳಪದ ಕಲ್ಲಿನಲ್ಲಿ ನಲವತ್ತೆರಡು ಮದನಿಕೆಯರು. ನಾಲ್ವರು ಒಳಗೆ, ಮಿಕ್ಕವರು ಹೊರಗೆ ಸೂರಿನ ಕೆಳಗೆ. ಕೆಲವನ್ನು ಬಳ್ಳಿಗಾವೆಯ ದಾಸೋಜ ಮತ್ತು ಆತನ ಮಗ ಚಾವಣ ಕಡೆದರೆಂದು ಪೀಠಗಳ ಬರಹ ಹೇಳುತ್ತದೆ. ಬಳ್ಳಿಗಾವೆಯೆಂದರೆ ಅಲ್ಲಮಪ್ರಭುಗಳ ಊರೆಂದೇ ತಿಳಿದಿದ್ದ ನನಗೆ ಇದು ಹೊಸ ಪಾಠ.

ನಮ್ಮ ಅಡುಗೆಮನೆಯ ಗೋಡೆಯ ಮೇಲೆ ಹಳೆಯ ಕ್ಯಾಲೆಂಡರಿನ ಚಿತ್ರವೊಂದು ಬಹುಕಾಲ ತೂಗಿತ್ತು. ಕನ್ನಡಿ ನೋಡಿಕೊಳ್ಳುವ ದರ್ಪಣಸುಂದರಿ. ಇದು ಮನೆಯಲ್ಲಿ ಸಲ್ಲದೆಂದು ಒಮ್ಮೆ ತೆಗೆಸಿದ್ದೆ. ಮಾರನೆಯ ವಾರ ಅದು ಮತ್ತೆ ಅಲ್ಲಿಯೇ ಇತ್ತು.

“ಅಮ್ಮನದು ಯಾವುದಪ್ಪಾ?” ಎಂದು ಮಗಳು ಕೇಳುವ ಮೊದಲೇ ನಾನು ಬೆರಳು ತೋರಿದ್ದೆ. ಎಣಿಸಿದ್ದಕ್ಕಿಂತ ಚಿಕ್ಕ ಮೂರ್ತಿ. ಕತ್ತು ನೋಯುವವರೆಗೆ ನೋಡಿದೆ. ಕಾವಲಿನವನು ಹೊತ್ತಾಯಿತೆಂದ.

ರಾತ್ರಿ ವಸತಿಗೃಹದಲ್ಲಿ ಲಿಂಗಪೂಜೆ ಮುಗಿಸಿದೆ. ನಾಳೆ ಬೆಳಿಗ್ಗೆಯೇ ಊರಿಗೆ ಹೊರಡೋಣವೇ ಎಂದಳು ಮಗಳು. ಬಿಟ್ಟುಬಂದ ಕೇದಾರೇಶ್ವರವಿದೆಯಲ್ಲಾ, ಇನ್ನೊಂದು ದಿನ ಇರೋಣವೆಂದೆ.