ಜಾರಿದ್ದು ರಾಣಿಯಲ್ಲ, ನಾವು



ಊಟಿ ಕೆರೆಯ ಬಳಿ ಪ್ರವಾಸಿಗರನ್ನು ಹೊತ್ತು ನಡೆಯುವ ಕುದುರೆಗಳನ್ನು ನೀವೆಲ್ಲ ನೋಡಿದ್ದೀರಿ. ಅಂಥ ಕುದುರೆ ಸಾಕಿರುವ ಒಬ್ಬ ಅಣ್ಣನ ಲಾಯಕ್ಕೆ ನಮ್ಮ ಯುವಕೂಟದ ನಾಲ್ವರು ಭಾನುವಾರದ ಪೂಜೆ ಮುಗಿಸಿ ಹೋಗುತ್ತೇವೆ. ಲದ್ದಿ ಎತ್ತುತ್ತೇವೆ, ಗೊರಸು ಕೆರೆದು ಸ್ವಚ್ಛ ಮಾಡುತ್ತೇವೆ. ಅಣ್ಣ ನಮಗೆ ಸವಾರಿ ಕಲಿಸುತ್ತಾರೆ. ಹುಲ್ಲಿನ ಬಯಲಿನಲ್ಲಿ ಕುದುರೆ ಪಳಗಿಸುವಾಗ ಜೊತೆಗೂ ಸೇರಿಸಿಕೊಳ್ಳುತ್ತಾರೆ.

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಅಣ್ಣ ಹುರುಳಿ ತರಲು ಪೇಟೆಗೆ ಹೊರಟರು. "ನಾನು ಬರೋವರೆಗೆ ನಡಿಗೆ ಮಾತ್ರ" ಎಂದು ಹೇಳಿಯೇ ಹೋದರು. ನಮಗೆ ಯುವಜನ ದಿನಕ್ಕೆ ಒಂದು ಒಳ್ಳೆಯ ವಿಡಿಯೊ ಬೇಕಿತ್ತು. ಗುಂಪಿನ ಕಿರಿಯ ತಂಗಿ ರಾಣಿಯ ಮೇಲಿದ್ದಳು. "ಇನ್ನೂ ಜೋರಾಗಿ, ಇಲ್ಲೇ ಕ್ಯಾಮೆರಾ ಮುಂದೆ ತಿರುಗಿಸು" ಎಂದು ಕೂಗಿದವರು ನಾವೇ. ಹಿಂಗಾಲು ಜಾರಿತು. ರಾಣಿ ಪಕ್ಕಕ್ಕೆ ಬಿದ್ದಳು. ತಂಗಿಯ ಮಣಿಕಟ್ಟು ಉಳುಕಿತು, ರಾಣಿಯ ಮೊಣಕಾಲು ತರಚಿ ರಕ್ತ ಬಂತು.

ಅಣ್ಣ ಬಂದು ಬೈಯಲಿಲ್ಲ. ಮೊದಲು ತಂಗಿಯ ಕೈ ನೋಡಿದರು, ಆಮೇಲೆ ರಾಣಿಯ ನಾಲ್ಕೂ ಕಾಲು ಸವರಿದರು. "ಎರಡು ವಾರ ಇವಳಿಗೆ ಕೆಲಸ ಇಲ್ಲ" ಎಂದಷ್ಟೇ ಹೇಳಿದರು. ಅವಳ ದುಡಿಮೆಯೇ ಆ ಮನೆಯ ಅಡುಗೆ ಎಂದು ನಮಗೆ ಗೊತ್ತಿತ್ತು.

ಮುಂದಿನ ಭಾನುವಾರ ನಾವು ಜಾಣರಂತೆ ಉಪಾಯ ಹೇಳಿದೆವು: "ಅಣ್ಣಾ, ಲಾಳಕ್ಕೆ ಸ್ಟಡ್ ಹಾಕಿಸೋಣ." ಹೊರದೇಶದ ಕುದುರೆಗಳಿಗೆ ತಿರುಪಿನಂತೆ ಕೂರಿಸುವ ಆ ಲೋಹದ ಗುಬಟುಗಳನ್ನು ಮೊಬೈಲಿನಲ್ಲಿ ನೋಡಿದ್ದೆವು. ಅಣ್ಣ ತಲೆಯಾಡಿಸಿ ವಿವರಿಸಿದರು. ಗಟ್ಟಿ ನೆಲಕ್ಕೆ ಚಿಕ್ಕ, ಚೂಪಾದದ್ದು. ಮೆತ್ತಗಿನ ಕೆಸರಿಗೆ ದಪ್ಪನೆಯದು. ಸವಾರಿಗೆ ಸ್ವಲ್ಪ ಮುಂಚೆ ಹಾಕಿ, ಮುಗಿದ ಕೂಡಲೇ ಬಿಚ್ಚಬೇಕು. ರಸ್ತೆಯಲ್ಲಿ ಅದರ ಮೇಲೆ ನಡೆಸಬಾರದು. ಎಲ್ಲಕ್ಕಿಂತ ಮುಖ್ಯ, ಹಿಡಿತ ಅತಿಯಾದರೂ ಅಪಾಯ. ಗೊರಸು ನೆಲ ಮುಟ್ಟಿದಾಗ ತುಸು ಜಾರಿ ನಿಲ್ಲಬೇಕು. ಥಟ್ಟನೆ ಕಚ್ಚಿ ನಿಂತರೆ ಆ ಹೊಡೆತ, ಆ ತಿರುಚು ಕೀಲಿಗೂ ಸ್ನಾಯುರಜ್ಜಿಗೂ ಹೋಗುತ್ತದೆ.

"ಕಬ್ಬಿಣ ಆಮೇಲೆ. ಮೊದಲು ಕಾಲು ನೋಡಿ" ಎಂದು ರಾಣಿಯ ಹಿಂಗಾಲು ಎತ್ತಿದರು. ಲಾಳ ಸವೆದು ನುಣುಪಾಗಿತ್ತು. ಗೊರಸಿನ ತಳದಲ್ಲಿ ಮಣ್ಣು ಗಟ್ಟಿಯಾಗಿ ತುಂಬಿತ್ತು. ಅಲ್ಲಿನ ಮೆತ್ತನೆಯ ತ್ರಿಕೋನ ಭಾಗ ಮತ್ತು ಅದರ ಎರಡೂ ಬದಿಯ ಸಂದುಗಳೇ ನೆಲ ಹಿಡಿಯಲು ಅವಳಿಗಿರುವ ಸ್ವಂತ ಸಾಧನ. ಅಂದು ಬೆಳಿಗ್ಗೆ ಅದನ್ನು ಕೆರೆಯಬೇಕಾದವರು ನಾವು. ವಿಡಿಯೊ ಗಡಿಬಿಡಿಯಲ್ಲಿ ಬಿಟ್ಟಿದ್ದೆವು.

ಇನ್ನೊಂದು ತಪ್ಪು ನಮ್ಮ ಪಠ್ಯಪುಸ್ತಕದಲ್ಲೇ ಇತ್ತು. ನಮ್ಮಲ್ಲಿ ಮೂವರು ಬಿಎಸ್ಸಿ. ತಿರುವಿನಲ್ಲಿ ವೇಗ ಎರಡು ಪಟ್ಟಾದರೆ ಬೇಕಾಗುವ ಹಿಡಿತ ನಾಲ್ಕು ಪಟ್ಟು. ಅದೇ ವೇಗದಲ್ಲಿ 20 ಮೀಟರ್ ಅಗಲದ ವೃತ್ತವನ್ನು 10 ಮೀಟರಿಗೆ ಇಳಿಸಿದರೆ ಎರಡು ಪಟ್ಟು. ಪರೀಕ್ಷೆಯಲ್ಲಿ ಇದನ್ನು ಬರೆದು ಅಂಕ ತೆಗೆದುಕೊಂಡವರು, ಒದ್ದೆ ಹುಲ್ಲಿನ ಮೇಲೆ ಒಂದು ಮೂಕ ಪ್ರಾಣಿಯಿಂದ ವೇಗವನ್ನೂ ಚಿಕ್ಕ ತಿರುವನ್ನೂ ಒಟ್ಟಿಗೆ ಕೇಳಿದ್ದೆವು.

ಕೊಡೈಕೆನಾಲ್ ಪ್ರವಾಸಕ್ಕೆ ಕೂಡಿಟ್ಟಿದ್ದ ಹಣವನ್ನು ಅಣ್ಣನ ಕೈಗೆ ಕೊಟ್ಟೆವು. ಅವರು ಬೇಡವೆಂದರು. ಆ ಹಣದಲ್ಲೇ ರಾಣಿಗೆ ಹೊಸ ಲಾಳ ಕಟ್ಟಿಸಿದೆವು.

ಈಗ ನಮ್ಮ ಕ್ರಮ ಹೀಗಿದೆ: ಇಬ್ಬನಿ ಆರುವವರೆಗೆ ಕಾಯುವುದು. ಕತ್ತರಿಸಿದ ಹುಲ್ಲು ಬಿದ್ದಿದ್ದರೆ ಗುಡಿಸುವುದು. ಬಯಲನ್ನು ಮೊದಲು ನಮ್ಮ ಕಾಲಿನಲ್ಲೇ ನಡೆದು ನೋಡುವುದು. ಕುದುರೆಯನ್ನು ಚೆನ್ನಾಗಿ ನಡೆಸಿ, ಮೈ ಬಿಸಿಯಾದ ಮೇಲೆ ದೊಡ್ಡ ವೃತ್ತ. ವೇಗ ಕಡಿಮೆ ಮಾಡುವುದು ತಿರುವಿಗೆ ಮುಂಚೆ, ತಿರುವಿನ ನಡುವೆ ಅಲ್ಲ. ಸವಾರರು ಒಳಬದಿಗೆ ವಾಲದೆ ನೇರ ಕೂರುವುದು. ನೆಲ ಸರಿಯಿಲ್ಲದ ದಿನ ನಡಿಗೆ ಮಾತ್ರ.

ಮೊನ್ನೆ ತಂಗಿ ಮತ್ತೆ ರಾಣಿಯನ್ನು ಹತ್ತಿದಳು. ಇಪ್ಪತ್ತು ನಿಮಿಷ ಬರೀ ನಡಿಗೆ. ನಮ್ಮಲ್ಲೊಬ್ಬರು ಅದನ್ನೂ ವಿಡಿಯೊ ಮಾಡಿದ್ದೇವೆ. ಯುವಜನ ದಿನದಂದು ಅದನ್ನೇ ತೋರಿಸುತ್ತೇವೆ, ದಯವಿಟ್ಟು ಆಕಳಿಸಬೇಡಿ.