ಮೂರನೆಯ ಬಕೆಟ್

ನಮ್ಮ ಮನೆಗೆ ಕೆಲಸಕ್ಕೆ ಬರುವಾಕೆ ದಿನಾ ಬೆಳಿಗ್ಗೆ ಗೇಟಿನಿಂದ ಪೋರ್ಟಿಕೋವರೆಗೆ ಗುಡಿಸಿ, ಮೊರದಲ್ಲಿ ಒಂದು ಮುಷ್ಟಿ ಸಿಮೆಂಟು ತಂದು ನನಗೆ ತೋರಿಸುತ್ತಿದ್ದಳು. ಬೂದುಬಣ್ಣ, ವಿಭೂತಿಯಷ್ಟು ನುಣುಪು. "ಸಾರ್, ನಿಮ್ಮ ಮನೆ ದಿನಾ ಸ್ವಲ್ಪ ಸವೀತಾ ಇದೆ" ಎಂದು ತಮಿಳಿನಲ್ಲಿ ಹೇಳಿ ನಗುವಳು. ನಾನು ಪೇಪರಿನಿಂದ ತಲೆ ಎತ್ತುತ್ತಿರಲಿಲ್ಲ. ನಾನು ಸಿವಿಲ್ ಇಂಜಿನಿಯರು ಅಂತ ಆಕೆಗೂ ಗೊತ್ತಿತ್ತು.

ಅಪ್ಪ ಕುಂದಾಪುರದ ಕಡೆಯಿಂದ ಬಂದು ಮದ್ರಾಸಿನ ಪೂನಮಲ್ಲಿ ಹೈರೋಡಿನ ಉಡುಪಿ ಹೋಟೆಲೊಂದರಲ್ಲಿ ಲೆಕ್ಕ ಬರೆದುಕೊಂಡಿದ್ದವರು. ಕೀಲ್ಪಾಕಿನ ಒಳಬೀದಿಯ ಈ ಹಳೆಯ ಮನೆ ಅವರು ಮಾಡಿದ್ದು. ನಾನು ಬದುಕು ಕಳೆದದ್ದು ಸೇತುವೆ, ಫ್ಲೈಓವರುಗಳ ಸೈಟಿನಲ್ಲಿ, ಗುಣಮಟ್ಟ ನೋಡುವ ಕೆಲಸದಲ್ಲಿ. 150 ಮಿಲಿಮೀಟರಿನ ಕ್ಯೂಬು ಎರಕ ಹೊಯ್ಯಿಸಿ, 28ನೇ ದಿನ ಒಡೆಸಿ, ರಿಜಿಸ್ಟರಿಗೆ ಸಹಿ ಹಾಕುವುದು. ಒಮ್ಮೆ ಸ್ಲಂಪ್, ಅಂದರೆ ಮಾಲಿನ ಸಡಿಲತನ, ಜಾಸ್ತಿ ಬಂತೆಂದು ಕಾಂಕ್ರೀಟು ತುಂಬಿದ ಲಾರಿಯನ್ನೇ ವಾಪಸು ಕಳಿಸಿ, ಕಂಟ್ರಾಕ್ಟರನ ಕೈಲಿ ಬೈಸಿಕೊಂಡವನು. ಅಂಥವನು ನಿವೃತ್ತನಾಗಿ, ನನ್ನದೇ ಅಂಗಳದಲ್ಲಿ, 36 ಅಡಿ ಉದ್ದ 10 ಅಡಿ ಅಗಲದ ಒಂದು ಕಾರುದಾರಿಯನ್ನು ಹಾಳು ಮಾಡಿಕೊಂಡೆ.

2019ರ ಮೇ ಕೊನೆಯ ವಾರ. ಅಗ್ನಿನಕ್ಷತ್ರದ ಕಡುಬಿಸಿಲು ಇನ್ನೂ ಮುಗಿದಿರಲಿಲ್ಲ. ಮದ್ರಾಸಿನ ಕೆರೆಗಳೆಲ್ಲ ತಳ ಕಂಡಿದ್ದವು. ಆ ಹೊತ್ತಲ್ಲಿ ಕಾಂಕ್ರೀಟಿಗೆ ಕೈ ಹಾಕಿದ್ದೇ ಮೊದಲ ತಪ್ಪು. ಮಗಳು ಜುಲೈಯಲ್ಲಿ ಬರುತ್ತಾಳೆ, ಅಷ್ಟರೊಳಗೆ ಕೆಸರುದಾರಿ ಕಾಣಬಾರದು ಎಂಬ ನೆಪ. ತಳಕ್ಕೆ ಜಲ್ಲಿ, ಕ್ವಾರಿ ಪುಡಿ ಹಾಕಿ ದಿಮ್ಮಿಸಿದ್ದೆ. ನೂರಕ್ಕೆ ಒಂದರ ಇಳಿಜಾರು, ಅಂದರೆ ಉದ್ದಕ್ಕೂ ಸುಮಾರು ನಾಲ್ಕೂಕಾಲು ಇಂಚು, ದಾರ ಕಟ್ಟಿ ರಸಮಟ್ಟ ಇಟ್ಟು ನಾನೇ ನೋಡಿದ್ದೆ. ಟಾರು ಮೇಲೆ ಟಾರು ಹಾಕಿ ರಸ್ತೆಯೇ ಮನೆಗಿಂತ ಎತ್ತರಕ್ಕೆ ಹೋಗಿರುವುದರಿಂದ ಮಳೆನೀರು ಒಳಗೇ ಇಳಿದು, ಪೋರ್ಟಿಕೋ ಮುಂದಿನ ಜಾಲರಿ ಚರಂಡಿ ಹಿಡಿದು ಇಂಗುಗುಂಡಿಗೆ ಹೋಗಬೇಕು. ಅದು ಇವತ್ತಿಗೂ ಸರಿಯಾಗಿ ಹೋಗುತ್ತದೆ. ಹೊಗಳಿಕೊಳ್ಳಲು ನನಗೆ ಉಳಿದಿರುವುದು ಅದೊಂದೇ.

ನಾಲ್ಕು ಇಂಚು ದಪ್ಪ, ಎಂ-20 ದರ್ಜೆಯ ಕಾಂಕ್ರೀಟು, ಒಂದು ಮೂಟೆಯ ಮಿಕ್ಸರ್, ಒಟ್ಟು 27 ಮೂಟೆ. ಕಾಂಕ್ರೀಟಿನ ಸಂಹಿತೆ ಐಎಸ್ 456ರ ಪಟ್ಟಿ ಹೇಳುವುದು ಸರಳ: ಈ ಮಿಶ್ರಣದಲ್ಲಿ 50 ಕೆಜಿ ಸಿಮೆಂಟಿಗೆ ಹೆಚ್ಚೆಂದರೆ 30 ಲೀಟರ್ ನೀರು. ನಮ್ಮ ಬಕೆಟ್ಟು 15 ಲೀಟರಿನದು. ಎರಡು ಬಕೆಟ್, ಅಷ್ಟೇ. ಮೇಸ್ತ್ರಿಗೆ ಹೇಳಿದ್ದೆ, ಅವನೂ ತಲೆ ಆಡಿಸಿದ್ದ.

ನಾಲ್ಕನೆಯ ಮೂಟೆಯ ಹೊತ್ತಿಗೆ ಗಂಟೆ ಹತ್ತೂವರೆ. ಬಿಸಿಲಿಗೆ ಜಲ್ಲಿಯೇ ಕೈ ಸುಡುತ್ತಿತ್ತು. ಗಟ್ಟಿ ಮಾಲು ಬಾಂಡ್ಲಿಯಿಂದ ಬೀಳದೆ, ಹೊತ್ತು ತರುತ್ತಿದ್ದ ಹೆಂಗಸರು ಅದನ್ನು ಕೈಯಲ್ಲಿ ಬಳಿದು ಹಾಕುತ್ತಿದ್ದರು. ಒಬ್ಬಾಕೆ ಸೊಂಟ ಹಿಡಿದು ನಿಂತುಬಿಟ್ಟಳು. ಮೇಸ್ತ್ರಿ ನನ್ನ ಕಡೆ ನೋಡಿದ. "ಸಾರ್, ಕೊಂಜಂ ತಣ್ಣಿ ವಿಟ್ಟಾ ದಾನ್ ಓಡುಂ." ಸ್ವಲ್ಪ ನೀರು ಬಿಟ್ಟರೇನೇ ಓಡುತ್ತೆ. ಅವನ ಕೈಲಿ ಮೂರನೆಯ ಬಕೆಟ್ಟು ಆಗಲೇ ಇತ್ತು.

"ಸರಿ" ಅಂದೆ.

ಕನಿಕರದಿಂದ ಅಂದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಆ ಹೆಂಗಸರ ಸೊಂಟದ ನೋವು ಸುಳ್ಳಲ್ಲ. ಆದರೆ ಮೂಟೆಗೆ ನೂರಿನ್ನೂರು ಮಿಲಿಲೀಟರು ಪ್ಲಾಸ್ಟಿಸೈಸರ್ ಹಾಕಿದರೆ ಅದೇ ಎರಡು ಬಕೆಟ್ಟಿನಲ್ಲಿ ಮಾಲು ಸಡಿಲವಾಗುತ್ತದೆ. ಒಂದು ಕ್ಯಾನು ಪುರಸವಾಕ್ಕಂನಲ್ಲಿ ಸಿಗುತ್ತಿತ್ತು, ಆಟೋದಲ್ಲಿ ಹತ್ತು ನಿಮಿಷ. ಹಿಂದಿನ ದಿನವೇ ತರಬೇಕಿತ್ತು. ಮನೆಯ ದಾರಿಗೆ ಅದೆಲ್ಲ ಯಾಕೆ ಎಂದುಕೊಂಡವನು ನಾನೇ.

ಅಲ್ಲಿಂದ ಮುಂದೆ ಪ್ರತಿ ಮೂಟೆಗೂ ಮೂರು ಬಕೆಟ್. ಮಾಲು ಪಾಯಸದಂತೆ ಹರಿಯಿತು, ಎಲ್ಲರೂ ಖುಷಿಯಾದರು. ಮಟ್ಟಗೋಲು ಎಳೆದ ಸ್ವಲ್ಪ ಹೊತ್ತಿಗೆ ಮೇಲೆಲ್ಲ ನೀರು ಜಿನುಗಿ ಕೆರೆಯಾಯಿತು. ಆ ನೀರು ತಾನಾಗಿ ಆರಿ, ಹೊಳಪು ಹೋಗಿ, ಕಾಲಿಟ್ಟರೆ ಕಾಲಿಂಚು ಅಚ್ಚು ಮೂಡುವಷ್ಟು ಗಟ್ಟಿಯಾಗುವ ತನಕ ಕರಣೆ ಮುಟ್ಟಿಸಬಾರದು. ಮೇಸ್ತ್ರಿಗೆ ಊಟಕ್ಕೆ ಹೊತ್ತಾಗಿತ್ತು. ಒಣ ಸಿಮೆಂಟು ಉದುರಿಸಿ, ನೀರನ್ನು ಹೀರಿಸಿ, ಕರಣೆಯಲ್ಲಿ ತಿಕ್ಕಿ ತಿಕ್ಕಿ ಕನ್ನಡಿ ಮಾಡಿಟ್ಟ. ಕಾರುದಾರಿಗೆ ಬೇಕಾದ್ದು ಪೊರಕೆಯ ಗೀರು, ಅಡ್ಡಡ್ಡಲಾಗಿ, ಟೈರಿಗೂ ಕಾಲಿಗೂ ಹಿಡಿತ ಸಿಗುವ ಹಾಗೆ. ಆದರೆ ನನ್ನ ಹೆಂಡತಿ ಬಾಗಿಲಿಗೆ ಬಂದು "ಎಷ್ಟು ಚೆನ್ನಾಗಿದೆ!" ಎಂದಳು. ನಾನೂ ಬಾಯಿ ಮುಚ್ಚಿಕೊಂಡೆ. ನೀರಿನಿಂದ ಸೊರಗಿದ ಕಾಂಕ್ರೀಟಿನ ಮೇಲೆ ಒಣ ಸಿಮೆಂಟಿನ ಒಂದು ಸಿಪ್ಪೆ ಹಾಗೆ ಕೂತಿತು. ಮೊರಕ್ಕೆ ಬರುತ್ತಿದ್ದದ್ದು ಅದೇ.

ಮಧ್ಯಾಹ್ನ ಕಡಲ ಗಾಳಿ ಎದ್ದಾಗ ಕೂದಲೆಳೆ ಬಿರುಕುಗಳು ಬಂದವು. ಅವು ಚಿಲ್ಲರೆ. ದೊಡ್ಡದು ದಾರಿಯಲ್ಲೇ ಇರುವ ನೀರಿನ ಸಂಪಿನ ಮುಚ್ಚಳದ ಮೂಲೆಯಿಂದ ಹೊರಟಿತು. ಎಂಟು-ಹತ್ತು ಅಡಿಗೊಂದರಂತೆ, ದಪ್ಪದ ಕಾಲು ಭಾಗ ಅಂದರೆ ಒಂದಿಂಚು ಆಳಕ್ಕೆ ಗೀರು ಕೊಯ್ದರೆ ಕಾಂಕ್ರೀಟು ಕುಗ್ಗುವಾಗ ಆ ಗೀರಿನಲ್ಲೇ ಸೀಳುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಬೆಳಗಾಗುವುದರೊಳಗೆ ಕೊಯ್ಯಬೇಕು. ನಮ್ಮ ಕಟರಿನವನು ಬಂದದ್ದು ಮೂರನೆಯ ದಿನ. ಅಷ್ಟರಲ್ಲಿ ಕಾಂಕ್ರೀಟು ತನಗೆ ಬೇಕಾದ ಕಡೆ ತಾನೇ ಗೀರು ಹಾಕಿಕೊಂಡು, ಸಂಪಿನಿಂದ ಗೋಡೆಯವರೆಗೆ ಓರೆಯಾಗಿ ಹೋಗಿತ್ತು. ಉಗುರು ಇಳಿಯುತ್ತಿತ್ತು.

ಇನ್ನು ಕ್ಯೂರಿಂಗು. ಪಿಪಿಸಿ ಸಿಮೆಂಟಿಗೆ ಇಂಥ ಬಿಸಿಲಲ್ಲಿ 14 ದಿನ ತೇವ ಇರಬೇಕು. ಮಣ್ಣಿನ ಪಾತಿ ಕಟ್ಟಿ ನೀರು ನಿಲ್ಲಿಸಿದೆ. ಎರಡನೆಯ ದಿನ ಪಕ್ಕದ ಮನೆಯವರು ಖಾಲಿ ಕೊಡಗಳ ಜೊತೆ ನೀರಿನ ಲಾರಿಗೆ ಕಾಯುತ್ತಾ ಗೋಡೆಯಾಚೆಯಿಂದ ನನ್ನ ಪಾತಿಯನ್ನೇ ನೋಡುತ್ತಿದ್ದರು. ಏನೂ ಅನ್ನಲಿಲ್ಲ. ಹೆಂಡತಿ ಅಂದಳು: "ಕುಡಿಯೋಕಿಲ್ಲ, ನೆಲಕ್ಕೆ ಹೊಯ್ತೀರಾ?" ಮೂರನೆಯ ದಿನಕ್ಕೆ ನೀರು ಕಟ್ಟುವುದನ್ನು ಬಿಟ್ಟೆ. ಪಾಲಿಥೀನ್ ಹಾಳೆ ಹೊದಿಸಿ ಅಂಚಿಗೆ ಇಟ್ಟಿಗೆ ಹೇರಿದ್ದರೆ ಒಳಗಿನ ತೇವ ಒಳಗೇ ಉಳಿಯುತ್ತಿತ್ತು, ಲಾರಿ ನೀರಿನ ಹಂಗೇ ಬೇಡ. ನಾಳೆ ತಂದರಾಯಿತು ಎಂದುಕೊಂಡು ತರಲಿಲ್ಲ.

ಜುಲೈ 12ರಂದು ಜೋಲಾರ್‌ಪೇಟೆಯಿಂದ ನೀರಿನ ರೈಲು ವಿಲ್ಲಿವಾಕ್ಕಂಗೆ ಬಂತು. 50 ವ್ಯಾಗನ್, 25 ಲಕ್ಷ ಲೀಟರ್. ಅಲ್ಲಿಂದ ನಮ್ಮ ಕೀಲ್ಪಾಕ್ ವಾಟರ್ ವರ್ಕ್ಸ್‌ಗೆ ಪೈಪಿನಲ್ಲಿ. ಟೀವಿಯಲ್ಲಿ ಅದನ್ನು ನೋಡುತ್ತಾ ಒಂದು ಲೆಕ್ಕ ಹಾಕಿದೆ, ಹಾಕಬಾರದಿತ್ತು. ಮೂರನೆಯ ಬಕೆಟ್ಟು ಮೂಟೆಗೆ 15 ಲೀಟರ್, ಮೊದಲ ನಾಲ್ಕನ್ನು ಬಿಟ್ಟು ಉಳಿದ 23 ಮೂಟೆಗೆ 345 ಲೀಟರ್. ಅಷ್ಟನ್ನು ಬೇಡದ ಕಡೆ ಸುರಿದು, ಆಮೇಲೆ ಪಕ್ಕದವರ ಕಣ್ಣಿಗೆ ಹೆದರಿ ಬೇಕಾದ ಕಡೆ ಉಳಿಸಿದ್ದೆ.

ಎರಡು ವರ್ಷದ ಮೇಲೆ, ಜನವರಿಯಲ್ಲಿ, ಗೇಟಿನ ಕಡೆಯ ಅರ್ಧ ಒಡೆಸಿ ಹೊಸದಾಗಿ ಹಾಕಿಸಿದೆ. ಎಲ್ಲ ಒಡೆಸುವಷ್ಟು ದುಡ್ಡಿರಲಿಲ್ಲ. ಬೆಳಿಗ್ಗೆ ಐದೂವರೆಗೆ ಶುರು. ಎಂ-ಸ್ಯಾಂಡ್ ಒದ್ದೆಯಿತ್ತು, ಹಾಗಾಗಿ ಮೂಟೆಗೆ 25 ಲೀಟರೇ. ಬಣ್ಣದ ಡಬ್ಬಕ್ಕೆ ಗೆರೆ ಎಳೆದುಕೊಟ್ಟೆ. ಬೇರೆ ಮೇಸ್ತ್ರಿ, ಅದೇ ಮಾತು: "ಸಾರ್, ಕೊಂಜಂ ತಣ್ಣಿ..." ನಾನು ಹೋಗಿ ನೀರಿನ ಡ್ರಮ್ಮಿನ ಮುಚ್ಚಳದ ಮೇಲೆ ಕೂತುಬಿಟ್ಟೆ. ಕೆಲಸ ಮುಗಿಯುವವರೆಗೆ ಕಾಫಿಯೂ ಅಲ್ಲೇ.

ಪೊರಕೆ ಗೀರಿನ ಆ ಅರ್ಧದಲ್ಲಿ ಪುಡಿ ಏಳುವುದಿಲ್ಲ. ಮಾರ್ಗಳಿ ತಿಂಗಳಲ್ಲಿ ಕೆಲಸದಾಕೆ ಅಲ್ಲಿ ಕೋಲಂ ರಂಗೋಲಿ ಹಾಕಲು ನೋಡಿ, ಗೆರೆ ನಡುಗುತ್ತದೆ ಎಂದು ಎದ್ದಳು. ಈಗ ದಿನಾ ಒಳಗಿನ ಹಳೆಯ ಅರ್ಧವನ್ನೇ ಗುಡಿಸಿ, ಸಂಪಿನ ಬಿರುಕನ್ನು ಚುಕ್ಕಿಗಳ ನಡುವೆ ತಪ್ಪಿಸಿ, ಕೋಲಂ ಹಾಕುತ್ತಾಳೆ. ನೆಲ ನುಣ್ಣಗಿದೆ ಸಾರ್, ಇದನ್ನು ಒಡೆಸಬೇಡಿ ಎನ್ನುತ್ತಾಳೆ.